ಕೊರಳಿಗೆ ಬಂದ ಅಂಚು

ಮೆಕೆಲೆ, ಮೆಗಾಬಿತ್ 2

ತಂಗಿ ಮೆಧಿನ್‌ಗೆ,

ನಾವು ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯೆಂದು ತಿಳಿದುಕೊಂಡಿದ್ದೇನೆ. ಯುದ್ಧ ಶುರುವಾದಂದಿನಿಂದ ನಿಮ್ಮ ಕಡೆಯ ಫೋನುಗಳು ಸತ್ತಿವೆ. ಅಕ್ಸುಮಿಗೆ ಓಡುವ ಬೆರ್ಹೆಯ ಮಿನಿಬಸ್ಸೇ ಈಗ ನಮಗೆ ಅಂಚೆ. ಕಾಗದ ಕೈಗಿತ್ತ ಮೇಲೆ ಅವನಿಗೊಂದು ಕಾಫಿ ಕೊಡು. ಕೂರಿಸಿಕೊಂಡು ಮಾತಿಗೆಳೆಯಬೇಡ. ಅವನ ಬಾಯಿಗೂ ಬಸ್ಸಿಗೂ ಬ್ರೇಕು ಒಂದೇ ಥರ.

ವಿಷಯ ಇಷ್ಟೇ. ನಾನು ನಿನ್ನ ಮನೆಗೆ ಬರುತ್ತಿದ್ದೇನೆ. ಉಪವಾಸದ ದಿನಗಳು ಮುಗಿಯುವುದರೊಳಗೆ ಅಕ್ಸುಮಿನ ಮರಿಯಮ್ಮನ ಇಗರ್ಜಿಗೆ ಬಂದು ಮೇಣದಬತ್ತಿ ಹಚ್ಚುತ್ತೇನೆಂದು ಹರಕೆ ಹೊತ್ತಿದ್ದೇನೆ. ಬೇರೇನೂ ಇಲ್ಲ. ಹೇಳದೆ ಕೇಳದೆ ಹಿರಿಯಕ್ಕ ಹೊರಟಳೆಂದರೆ ಎದೆ ಬಡಿದುಕೊಳ್ಳುವುದು ನಮ್ಮವರ ಅಭ್ಯಾಸ. ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ.

ಫಿಲ್ಮೊನ್ ಚೆನ್ನಾಗಿದ್ದಾನೆ. ಕಾಲೇಜು ಮುಚ್ಚಿದೆ. ಮನೆಯಲ್ಲೇ ಕೂತು ಇದ್ದಬದ್ದ ಇಂಜೆರಾ ರೊಟ್ಟಿಯನ್ನೆಲ್ಲ ಖಾಲಿ ಮಾಡುತ್ತಾನೆ. ಅವನನ್ನು ಕರೆತಾ ಎಂದು ಹಟ ಹಿಡಿಯಬೇಡ. ವಯಸ್ಸಿನ ಹುಡುಗರನ್ನು ದಾರಿಯಲ್ಲಿ ಬಸ್ಸಿನಿಂದ ಇಳಿಸಿಕೊಳ್ಳುತ್ತಾರೆ. ಮುದುಕಿಯರನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ನಾನೊಬ್ಬಳೇ ಬರುತ್ತೇನೆ.

ನನಗಾಗಿ ಹಿಟ್ಟು ಕೂಡಿಡಬೇಡ. ನೀನು ತಿಂದುಕೊಂಡಿರು.

ನಿನ್ನ ಅಕ್ಕ,
ಅಬ್ರೆಹೆತ್

*

ಅಕ್ಸುಮ್, ಮೆಗಾಬಿತ್ 9

ಅಕ್ಕಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಮೊದಲನೇ ಸಲ ಹೆದರಿಕೆಯಲ್ಲಿ ನಿಂತೇ ಓದಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ‘ಫಿಲ್ಮೊನ್ ಚೆನ್ನಾಗಿದ್ದಾನೆ’ ಎಂಬಲ್ಲಿಗೆ ಬಂದ ಮೇಲೆ ಕೂತು ಕಾಫಿ ಹುರಿದೆ.

ಹರಕೆ ಅಂದೆಯಲ್ಲ, ಪಕ್ಕದ ಮನೆಯ ಝೈದ್ ಬಿದ್ದು ಬಿದ್ದು ನಕ್ಕಳು. “ನಿಮ್ಮಕ್ಕ ಹರಕೆ ಹೊರೋದಾ? ಮರಿಯಮ್ಮನೇ ಬಂದು ಅವರ ಹತ್ರ ಅಪ್ಪಣೆ ಕೇಳ್ಬೇಕು” ಅಂದಳು. ಅಮ್ಮ ಹರಕೆ ಹೊತ್ತಾಗ ನೀನು ಹೈಸ್ಕೂಲಿನ ಪುಸ್ತಕ ಹಿಡಿದುಕೊಂಡು ಅವಳ ಜೊತೆ ವಾದ ಮಾಡುತ್ತಿದ್ದದ್ದು ನೆನಪಿದೆಯೇ? ಯುದ್ಧ ನಿನ್ನನ್ನೂ ಮಣಿಸಿತಲ್ಲ ಎಂದುಕೊಂಡೆ. ಬೇಸರವೂ ಆಯಿತು, ಸ್ವಲ್ಪ ಸಂತೋಷವೂ ಆಯಿತು.

ಮಗನನ್ನು ಹೊರಗೆ ಬಿಡದೆ ಇಟ್ಟುಕೊಂಡಿದ್ದೀಯಲ್ಲ, ಆ ಋಣ ನಾನು ಹೇಗೆ ತೀರಿಸಲಿ? ಹೆತ್ತವಳು ನಾನು, ಸಾಕಿದವಳು ನೀನು. ಇಲ್ಲಿ ನನ್ನ ಬೀದಿಯಲ್ಲಿ ಗಂಡುಹುಡುಗರಿರುವ ಮನೆಯೇ ಇಲ್ಲದಂತಾಗಿದೆ. ಕೆಲವರು ಬಂದೂಕು ಹಿಡಿದು ಬೆಟ್ಟಕ್ಕೆ ಹೋದರು. ಕೆಲವರು ಎಲ್ಲಿಗೆ ಹೋದರೆಂದು ಯಾರೂ ಕೇಳುವುದಿಲ್ಲ. ನನ್ನವನು ಅಕ್ಕನ ಮನೆಯಲ್ಲಿ ಇಂಜೆರಾ ತಿಂದುಕೊಂಡಿದ್ದಾನೆಂದು ಹೇಳಿಕೊಳ್ಳಲು ನನಗೇ ನಾಚಿಕೆ.

ಒಂದು ಕೆಲಸ ಮಾಡು. ಅವನ ಪಾದದ ಅಳತೆಯನ್ನು ನೂಲಿನಲ್ಲಿ ತೆಗೆದು ಬೆರ್ಹೆಯ ಕೈಲಿ ಕಳಿಸು. ಚಮ್ಮಾರ ವೆಲ್ದುವಿನ ಹತ್ತಿರ ಇನ್ನೂ ಸ್ವಲ್ಪ ಒಳ್ಳೆಯ ಚರ್ಮವಿದೆ. ನಾನು ನೂತ ಹತ್ತಿಗೆ ಬದಲಾಗಿ ಒಂದು ಜೊತೆ ಚಪ್ಪಲಿ ಹೊಲಿದು ಕೊಡುತ್ತಾನಂತೆ. ನೀನು ಹಿಂತಿರುಗುವಾಗ ಒಯ್ದು ಅವನಿಗೆ ಕೊಡಬಹುದು. ಹುಡುಗನ ಕಾಲು ಇನ್ನೂ ಬೆಳೆಯುತ್ತಿದೆ, ಹಳೇ ಅಳತೆ ನಂಬುವಂತಿಲ್ಲ.

ಬೇಗ ಬಾ. ಆದರೆ ಅವಸರ ಮಾಡಬೇಡ.

ಮೆಧಿನ್

*

ಮೆಕೆಲೆ, ಮೆಗಾಬಿತ್ 14

ಮೆಧಿನ್,

ನೂಲು ಇದರೊಳಗಿದೆ. ಗಂಟಿನಿಂದ ಗಂಟಿಗೆ ಅಳತೆ. ಹಿಮ್ಮಡಿಯ ಕಡೆ ಬೆರಳಗಲ ಹೆಚ್ಚು ಬಿಡಲು ವೆಲ್ದುವಿಗೆ ಹೇಳು.

ನಾಳೆ ಬೆಳಿಗ್ಗೆ ಹೊರಡುತ್ತೇನೆ. ಫಿಲ್ಮೊನ್‌ಗೆ ಸ್ವಲ್ಪ ನೆಗಡಿಯಾಗಿತ್ತು, ಈಗ ವಾಸಿ.

ಅಬ್ರೆಹೆತ್

*

ಫ್ರೆವೆಯ್ನಿ, ಮೆಗಾಬಿತ್ 18

ಹಾಗೋಸ್ ಅವರಿಗೆ,

ನಿಮ್ಮ ಹೆಂಡತಿ ಇಲ್ಲಿಯವರೆಗೆ ತಲುಪಿದ್ದಾಳೆ. ವುಕ್ರೋದಲ್ಲಿ ನಾನು ಹತ್ತಿದ್ದ ಬಸ್ಸನ್ನು ಹಿಂದಕ್ಕೆ ತಿರುಗಿಸಿದರು. ಅಲ್ಲಿಂದ ಮುಂದೆ ಸ್ವಲ್ಪ ದೂರ ಉಪ್ಪಿನ ಲಾರಿ, ಸ್ವಲ್ಪ ದೂರ ಕಾಲು. ರಸ್ತೆಗೆ ಅಡ್ಡವಾಗಿ ಹಗ್ಗ ಕಟ್ಟಿದಲ್ಲೆಲ್ಲ ಇಳಿದು ನಿಲ್ಲಬೇಕು. ಒಂದೊಂದು ಹಗ್ಗಕ್ಕೆ ಒಂದೊಂದು ಸೈನ್ಯ, ಒಂದೊಂದು ಭಾಷೆ. ಒಬ್ಬ ಹುಡುಗ ನನ್ನ ಚೀಲ ಸುರುವಿ, “ಅಜ್ಜೀ, ಒಬ್ಳೇ ಎಲ್ಲಿಗೆ?” ಅಂದ. ನಾನು ನಿನ್ನ ಅಜ್ಜಿಯಲ್ಲ, ತಂಗಿಯ ಮನೆಗೆ ಹೋಗುತ್ತಿದ್ದೇನೆ ಅಂದೆ. ಕಾಫಿ ಬೀಜದ ಗಂಟನ್ನು ತನ್ನ ಜೇಬಿಗೆ ಹಾಕಿಕೊಂಡ. “ಉಪವಾಸದ ದಿನ ಮುದುಕಿ ಕಾಫಿ ಕಿತ್ಕೊಳ್ಳೋದನ್ನ ನಿಮ್ಮಮ್ಮ ಹೇಳಿಕೊಟ್ಳೋ, ನೀನೇ ಕಲಿತ್ಯೋ?” ಎಂದು ಕೇಳಿದೆ. ಹಿಂದಿನವರು ನನ್ನ ಶಾಲು ಜಗ್ಗಿದರು. ಅವನು ನೆಲ ನೋಡಿದ, ಅರ್ಧ ಬೀಜ ವಾಪಸ್ಸು ಸುರಿದ. ಅರ್ಧ ಇಟ್ಟುಕೊಂಡ. ಅವನಿಗೂ ಫಿಲ್ಮೊನ್‌ನದೇ ವಯಸ್ಸು.

ಮಾಯ್ ವೆಯ್ನಿಗೆ ಹೋಗಿದ್ದೆ. ನಮಗೆ ಸುದ್ದಿ ಹೇಳಿ ಕಳಿಸಿದ ಪಾದ್ರಿ ಸಿಕ್ಕರು. ನಮ್ಮ ಫಿಲ್ಮೊನ್ ಬಿದ್ದಿದ್ದ ಜಾಗ ತೋರಿಸಿದರು. ರಸ್ತೆಯ ಪಕ್ಕ, ಪಾಪಾಸುಕಳ್ಳಿಯ ಬೇಲಿಯ ಬುಡ. ನಮಗೊಂದು ಚೀಟಿ ಬರೆದಿಟ್ಟು ‘ಅಮ್ಮನನ್ನು ನೋಡಿ ಬರುತ್ತೇನೆ’ ಎಂದು ಹೊರಟವನು ಇಷ್ಟೇ ದೂರ ಬಂದಿದ್ದಾನೆ. ಯಾರು ಹೊಡೆದರೆಂದು ಪಾದ್ರಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಜೇಬಿನಲ್ಲಿ ಕಾಲೇಜಿನ ಗುರುತುಚೀಟಿ ಸಿಗುವವರೆಗೆ ಊರಿನವರಿಗೆ ಅವನ ಹೆಸರೂ ಗೊತ್ತಿರಲಿಲ್ಲವಂತೆ. ಆದರೂ ಹೆಂಗಸರು ಕೂಡಿ ಅತ್ತು ಇಗರ್ಜಿಯ ಅಂಗಳದಲ್ಲಿ ಮಣ್ಣು ಮಾಡಿದ್ದಾರೆ. “ಹೆಸರು ಗೊತ್ತಿಲ್ದಿದ್ರೆ ಏನಮ್ಮಾ, ಯಾರದೋ ಮಗ ಅಂತ ಗೊತ್ತಿತ್ತಲ್ಲ” ಅಂದರು ಪಾದ್ರಿ.

ಅಲ್ಲಿ ಕೂತಿದ್ದಷ್ಟು ಹೊತ್ತು ಶಾಲನ್ನು ತಿರುಗಿಸಿಕೊಂಡೆ. ಮನೆಯಿಂದ ಹೊರಟಂದಿನಿಂದ ಹಬ್ಬಕ್ಕೆ ಹೋಗುವವಳ ಹಾಗೆ ಬಣ್ಣದ ಅಂಚನ್ನು ಕಾಲಿನ ಕಡೆಗೆ ಬಿಟ್ಟುಕೊಂಡು ನಡೆದಿದ್ದೆ. ಅವನ ಮುಂದೆ ಹಾಗೆ ಕೂರಲು ಆಗಲಿಲ್ಲ. ಅಂಚನ್ನು ಕೊರಳಿಗೆ ತಂದುಕೊಂಡು ಶೋಕದವಳ ಹಾಗೇ ಕೂತೆ. ಎದ್ದ ಮೇಲೆ ಮತ್ತೆ ಕೆಳಗೆ ಮಾಡಿಕೊಂಡೆ. ಅಕ್ಸುಮಿನಿಂದ ಹಿಂತಿರುಗುತ್ತಿದ್ದ ಬೆರ್ಹೆಯ ಬಸ್ಸು ಆ ತಿರುವಿನಲ್ಲೇ ಕೆಟ್ಟು ನಿಂತಿತ್ತು. ದೂರದಿಂದ ತಲೆ ಬಾಗಿಸಿದ. ಯಾರ ಸಮಾಧಿ ಎಂದು ಅವನಿಗೆ ಗೊತ್ತಿಲ್ಲ.

ನಾನು ಹೊರಡುವಾಗ ಹೇಳಿದ್ದನ್ನೇ ಮತ್ತೆ ಬರೆದು ಕಳಿಸಬೇಡಿ. ‘ಎರಡು ಸಾಲು ಬರೆದು ಹಾಕು, ಪ್ರಾಣಕ್ಕಿಂತ ಪದ್ಧತಿ ದೊಡ್ಡದಾ’ ಎಂದು ಕೇಳಿದಿರಿ. ಸಾವಿನ ಸುದ್ದಿಯನ್ನು ಕಾಗದದಲ್ಲಿ ಕಳಿಸುವ ಮನೆತನ ನಮ್ಮದಲ್ಲ. ಹಿಂದಿನ ದಿನ ಅವಳು ಉಂಡಿರಬೇಕು, ಮಲಗಿರಬೇಕು. ಹೊತ್ತು ಹುಟ್ಟುವಾಗ ಹಿರಿಯರು ಬಾಗಿಲು ತಟ್ಟಬೇಕು. ಬೀಳುವವಳನ್ನು ಹಿಡಿಯಲು ಕೈಗಳಿರಬೇಕು. ಕಾಗದಕ್ಕೆ ಕೈಯಿದೆಯೇ? ಎಷ್ಟು ಮನೆಗಳಿಗೆ ನಾನು ಈ ಮರ್ದಿ, ಸಾವಿನ ಸುದ್ದಿ, ಹೊತ್ತಿದ್ದೇನೆ. ಜನ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುವಷ್ಟು ಹೊತ್ತಿದ್ದೇನೆ. ನನ್ನ ಒಡಹುಟ್ಟಿದವಳು ಮಾತ್ರ ಒಲೆಯ ಮುಂದೆ ಒಬ್ಬಳೇ ಕೂತು ಓದಿ ತಿಳಿಯಬೇಕೇ? ಅವನ ಹಳೇ ಬೂಟಿಗೆ ನೂಲು ಹಿಡಿದು ಅಳತೆ ಕಳಿಸಿದವಳು ನಾನು. ಅಷ್ಟು ಮಾಡಿದ ಮೇಲೆ ನಡೆಯುವುದೇನು ಕಷ್ಟ.

ಬೇರೆ ಯಾರ ಬಾಯಿಂದಲೂ ಅವಳಿಗೆ ತಿಳಿಯುವ ಮೊದಲು ನಾನು ತಲುಪಬೇಕು. ಅಷ್ಟೇ.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ.

ಅಬ್ರೆಹೆತ್

*

ಮೆಕೆಲೆ, ಮೆಗಾಬಿತ್ 22

ನನ್ನ ಸೇನಾಪತಿಗೆ,

ಉಪ್ಪಿನ ವ್ಯಾಪಾರಿಯೊಬ್ಬ ಅದಿಗ್ರಾತಿಗೆ ಹೊರಟಿದ್ದಾನೆ. ಇದು ನಿನ್ನ ಕೈಸೇರಿದರೆ ಅವನ ಪುಣ್ಯ.

ಎಣ್ಣೆ ಹಚ್ಚಿಕೊಳ್ಳುತ್ತಿದ್ದೇನೆ. ಕಾಲು ಮಡಚುವುದಿಲ್ಲ, ಹಾಗಾಗಿ ಯಾವ ಸೈನ್ಯಕ್ಕೂ ಮಂಡಿಯೂರುವ ಯೋಚನೆ ಇಲ್ಲ. ಜನ ಬಂದು ಗಡಿಯಾರ ರಿಪೇರಿಗೆ ಕೊಡುತ್ತಾರೆ. ಬ್ಯಾಂಕಿಲ್ಲ, ಕರೆಂಟಿಲ್ಲ, ಕಚೇರಿಯಿಲ್ಲ. ಹೊತ್ತು ತಿಳಿದು ಏನು ಮಾಡುತ್ತಾರೋ ಕಾಣೆ.

ನೀನು ಹೇಳಿದ್ದು ಸರಿ, ಕಾಗದಕ್ಕೆ ಕೈಯಿಲ್ಲ. ಆದರೆ ನಿನಗೂ ಇರುವುದು ಎರಡೇ ಕೈ, ಮತ್ತು ನೀನು ಇನ್ನೂ ಅತ್ತಿಲ್ಲ. ಅವನು ಹೋದ ಸುದ್ದಿ ಬಂದ ದಿನ ನೀನು ಅವನ ಹಾಸಿಗೆ ಮಡಚಿ, ನೆಲ ಸಾರಿಸಿ, ದಾರಿಗೆ ಜವೆಗೋಧಿ ಹುರಿಯಲು ಕೂತೆ. ನಾನು ನೋಡುತ್ತಾ ನಿಂತಿದ್ದೆ. ಹನ್ನೊಂದನೆಯ ವಯಸ್ಸಿನಿಂದ ನಿನ್ನ ಕೈಯಲ್ಲಿ ಉಂಡ ಹುಡುಗ. ತಂಗಿಯನ್ನು ಹಿಡಿದುಕೊಳ್ಳಲು ನೀನು ಹೊರಟೆ. ನಿನ್ನನ್ನು ಹಿಡಿಯಲು ಯಾರಿದ್ದಾರೆಂದು ಯೋಚಿಸುತ್ತೇನೆ.

ಬಯ್ಯಬೇಡ. ಬರೆದದ್ದು ಬರೆದಾಯಿತು.

ಹಾಗೋಸ್

*

ಅದಿಗ್ರಾತ್, ಮೆಗಾಬಿತ್ 23

ಮೆಧಿನ್,

ಅದಿಗ್ರಾತಿನಲ್ಲಿ ನಿಂತುಬಿಟ್ಟಿದ್ದೇನೆ. ಪಶ್ಚಿಮದ ರಸ್ತೆ ಮುಚ್ಚಿದೆ. ಬೆಟ್ಟದ ಹಿಂದೆ ಗುಂಡಿನ ಸದ್ದು ಕೇಳುತ್ತದೆ. ಇಲ್ಲಿನವರು ಅದನ್ನು ಕೇಳಿಸಿಕೊಳ್ಳದವರ ಹಾಗೆ ಬೇಳೆ ಆರಿಸುತ್ತಾರೆ. ಗುರುತಿಲ್ಲದ ಒಬ್ಬಳು ವಿಧವೆ ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಟ್ಟಿದ್ದಾಳೆ. ದುಡ್ಡು ಮುಟ್ಟಲಿಲ್ಲ. ಅವಳ ಮನೆಯ ಜಗಲಿ ಸಾರಿಸಿಕೊಟ್ಟೆ.

ಬೆರ್ಹೆಗೆ ಮುಚ್ಚಿದ ರಸ್ತೆ ತೆರೆಸಿಕೊಳ್ಳುವ ದಾರಿ ಗೊತ್ತು, ನಾಳೆ ದಾಟುತ್ತಾನಂತೆ. ಬಸ್ಸಿನ ತುಂಬ ಗಾಯಾಳುಗಳು, ನನಗೆ ಜಾಗವಿಲ್ಲ. ಈ ಕಾಗದಕ್ಕೆ ಜಾಗವಿದೆ. ನಾನು ಕಾಲುದಾರಿ ಹಿಡಿದು ಬಿಜೆತಿನ ಕಡೆಗೆ ಬರುತ್ತೇನೆ.

ನಾನು ಹೊರಡುವಾಗ ಫಿಲ್ಮೊನ್ ನಿನಗೆ ಮುತ್ತು ಕೊಡಲು ಹೇಳಿದ. ನೆಗಡಿ ಪೂರ್ತಿ ಹೋಗಿದೆ. ಚಪ್ಪಲಿಯ ಸುದ್ದಿ ಕೇಳಿ ಖುಷಿಪಟ್ಟ.

ನೀನು ಮನೆಯಲ್ಲೇ ಇರು. ಯಾರು ಏನೇ ಹೇಳಿದರೂ ಮನೆ ಬಿಟ್ಟು ಕದಲಬೇಡ.

ಅಬ್ರೆಹೆತ್

*

ಎಂತಿಚೊ, ಮೆಗಾಬಿತ್ 29

ಅಕ್ಕಾ, ನನ್ನ ಅಕ್ಕಾ,

ಕದಲಬೇಡ ಅಂದೆ, ಕದಲಿದೆ. ಬೆರ್ಹೆಯನ್ನು ಮಾತಿಗೆಳೆಯಬೇಡ ಅಂದೆ, ಎಳೆದೆ. ಸಿಟ್ಟು ಮಾಡಿಕೊಳ್ಳಬೇಡ. ಇನ್ನು ನನ್ನ ಮುಂದೆ ಗಟ್ಟಿಯಾಗಿರುವ ಅಗತ್ಯ ನಿನಗಿಲ್ಲ.

ಅವನು ಮೂರನೇ ಕಾಫಿ ಕುಡಿಯುತ್ತಾ, “ನಿಮ್ಮಕ್ಕನ್ನ ಮಾಯ್ ವೆಯ್ನಿ ಇಗರ್ಜೀಲಿ ನೋಡ್ದೆ, ಪಾಪ, ಶಾಲಿನ ಅಂಚು ಕೊರಳಿಗಿತ್ತು” ಅಂದ. ಬೇರೆ ಯಾರೋ ಇರಬೇಕು ಅಂದೆ. ಅಂಚು ಎಂಥದೆಂದು ಹೇಳಿದ. ಹಸಿರಿನ ನಡುವೆ ಕೆಂಪು ಕಾಳು. ಅಕ್ಕಾ, ಆ ನೂಲಿಗೆ ಬಣ್ಣ ಹಾಕಿದವಳು ನಾನು. ಅಂಥ ಅಂಚು ಇನ್ನೊಂದಿಲ್ಲ.

ಆಮೇಲೆ ನಿನ್ನ ಮೂರೂ ಕಾಗದ ಎದುರಿಗಿಟ್ಟುಕೊಂಡು ಕೂತೆ. ಫಿಲ್ಮೊನ್ ಉಂಡ, ಫಿಲ್ಮೊನ್‌ಗೆ ನೆಗಡಿ, ಫಿಲ್ಮೊನ್ ಖುಷಿಪಟ್ಟ. ಹಾಗೋಸ್ ಭಾವನ ಹೆಸರು ಎಲ್ಲಿಯೂ ಇಲ್ಲ. ಒಂದು ನಮಸ್ಕಾರ ಕೂಡ ಇಲ್ಲ. ನಿನ್ನ ಕಾಗದದಲ್ಲಿ ಭಾವ ನನ್ನನ್ನೊಂದು ತಮಾಷೆ ಮಾಡದೆ ಇದ್ದದ್ದೇ ಇಲ್ಲ. ಆಗ ಎಲ್ಲ ಅರ್ಥವಾಯಿತು. ಹರಕೆಯಲ್ಲ. ನಿನಗೆ ಆ ಮನೆಯಲ್ಲಿ ಇರಲಾಗಲಿಲ್ಲ. ಹೇಳಲೂ ಆಗಲಿಲ್ಲ. ಊರಿನವರ ಸಾವನ್ನೆಲ್ಲ ಹೊತ್ತು ತಿರುಗಿದವಳು ನಿನ್ನದನ್ನು ಮಾತ್ರ ಶಾಲಿನೊಳಗೆ ಮುಚ್ಚಿಕೊಂಡು ಒಬ್ಬಳೇ ನಡೆದು ಬರುತ್ತಿದ್ದೀಯ.

ಹಾಗೆ ಬಿಡುವವಳಲ್ಲ ನಾನು. ಹಿರಿಯರನ್ನು ಕರೆದುಕೊಂಡು ಬಂದಿದ್ದೇನೆ. ಝೈದ್ ಬಂದಿದ್ದಾಳೆ, ಅವಳ ಅತ್ತೆ ಬಂದಿದ್ದಾರೆ, ನಮ್ಮ ಬೀದಿಯ ಪಾದ್ರಿ ಮೆರೆಸಾ ಬಂದಿದ್ದಾರೆ. ಕತ್ತೆಯ ಮೇಲೆ, ಕಾಲ ಮೇಲೆ, ಅಂತೂ ಎಂತಿಚೊದವರೆಗೆ. ಇಲ್ಲಿ ಮಾರುಕಟ್ಟೆಯ ಹಿಂದೆ ಪಾದ್ರಿಗಳ ಸೋದರಳಿಯನ ಮನೆಯಲ್ಲಿದ್ದೇವೆ. ಹೊರಟ ದಿನವೇ ಶಾಲಿನ ಅಂಚು ಕೊರಳಿಗೆ ತಂದುಕೊಂಡೆ. ಭಾವ ನನಗೆ ಅಣ್ಣನ ಹಾಗಿದ್ದರು.

ಫಿಲ್ಮೊನ್ ದೊಡ್ಡಪ್ಪನ ಹೆಣಕ್ಕೆ ಹೆಗಲು ಕೊಟ್ಟಿರಬೇಕು. ಆ ಹೊತ್ತಿನಲ್ಲಿ ನಿನಗೆ ಅವನಾದರೂ ಇದ್ದನಲ್ಲ ಎಂಬುದೊಂದೇ ನನಗೆ ಸಮಾಧಾನ. ಚಪ್ಪಲಿ ತಂದಿದ್ದೇನೆ. ವೆಲ್ದು ಹಿಮ್ಮಡಿಗೆ ಬೆರಳಗಲ ಬಿಟ್ಟಿದ್ದಾನೆ.

ನಾಳೆ ಸಂಜೆಯವರೆಗೆ ಕಾಯುತ್ತೇವೆ. ನೀನು ಬರದಿದ್ದರೆ ನಾಡಿದ್ದು ಬೆಳಿಗ್ಗೆ ಹಿರಿಯರು ಹಿಂತಿರುಗುತ್ತಾರೆ, ಮುದುಕರು, ಈ ರಸ್ತೆಯಲ್ಲಿ ಇನ್ನೂ ಮುಂದೆ ಎಳೆಯಲಾರೆ. ನಾನು ಮಾತ್ರ ಮುಂದಕ್ಕೆ, ಮೆಕೆಲೆಯವರೆಗಾದರೂ, ನಡೆದು ಬರುತ್ತೇನೆ. ನೀನು ಬರುವೆಯೆಂದ ಬಿಜೆತಿಗೆ ಹೋಗುವ ಹೆಂಗಸೊಬ್ಬಳ ಕೈಯಲ್ಲಿ ಇದನ್ನು ಕೊಟ್ಟಿದ್ದೇನೆ.

ನಿನ್ನ ಮೆಧಿನ್

*

ಎಂತಿಚೊದ ಹೊರಗೆ, ಮೆಗಾಬಿತ್ 30

ಹಾಗೋಸ್ ಅವರಿಗೆ,

ಈ ಕಾಗದವನ್ನು ಕೂತು ಓದಿ.

ನೀವು ಸತ್ತಿದ್ದೀರೆಂದು ಮೆಧಿನ್ ತಿಳಿದಿದ್ದಾಳೆ. ಬೆರ್ಹೆ ನನ್ನ ಶಾಲು ನೋಡಿ ಬಾಯಿ ಬಿಟ್ಟಿದ್ದಾನೆ. ನಾನು ಮೂರು ಕಾಗದದ ತುಂಬ ಹುಡುಗನನ್ನು ಬದುಕಿಸುವ ಭರದಲ್ಲಿ ನಿಮ್ಮನ್ನು ಮರೆತಿದ್ದೇನೆ. ಅವಳು ಕೂಡಿ ಕಳೆದು ಲೆಕ್ಕ ಹಾಕಿದ್ದಾಳೆ. ಲೆಕ್ಕದಲ್ಲಿ ತಪ್ಪಿಲ್ಲ. ಹೆಸರು ಮಾತ್ರ ತಪ್ಪು. ನನಗೆ ಸಮಾಧಾನ ಹೇಳಲು ಹಿರಿಯರನ್ನು ಕಟ್ಟಿಕೊಂಡು ಎಷ್ಟೋ ಹಗ್ಗ ದಾಟಿ ಬಂದು, ಮಗನ ಚಪ್ಪಲಿ ಹಿಡಿದು ಈ ಊರಿನಲ್ಲಿ ಕೂತಿದ್ದಾಳೆ.

ಬಿಜೆತಿನಲ್ಲಿ ಅವಳ ಕಾಗದ ಸಿಕ್ಕಿದ ಮೇಲೆ ಎಲ್ಲೂ ಕೂರಲಿಲ್ಲ. ಮೇಕೆ ಕಾಯುವವರ ದಾರಿಯಲ್ಲಿ ನಡೆದೆ, ಸಿಕ್ಕಿದ ಗಾಡಿಯಲ್ಲಿ ಬಂದೆ. ಊರು ಕಾಣುತ್ತಿದೆ, ಇಗರ್ಜಿಯ ತಗಡಿನ ಮಾಡು ಕಾಣುತ್ತಿದೆ. ಹೊತ್ತು ಇಳಿಯಿತೆಂದು ಹಗ್ಗ ಬಿಗಿದಿದ್ದಾರೆ. ನಾಳೆ ಬೆಳಕು ಹರಿಯುವವರೆಗೆ ಯಾರನ್ನೂ ಬಿಡುವುದಿಲ್ಲ. ಬೇಡಿದೆ, ಹೌದು, ನಾನೇ ಬೇಡಿದೆ. “ಅಮ್ಮಾ, ನಮ್ಗೂ ಮೇಲಿನೋರಿದಾರೆ” ಅಂದ ಸಿಪಾಯಿ. ಮಠದ ಸನ್ಯಾಸಿಯೊಬ್ಬರನ್ನು ಮಾತ್ರ ಬಿಡುತ್ತಾರಂತೆ. ಅವರ ಕೈಯಲ್ಲಿ ಮೆಧಿನ್‌ಗೆ ನಾಲ್ಕು ಸಾಲು ಕಳಿಸಬಹುದು.

ನೀವು ಬದುಕಿದ್ದೀರಿ ಎಂದು ಬರೆದರೆ, ಹಾಗಾದರೆ ಸತ್ತವರು ಯಾರು ಎಂದು ಅವಳು ಕೇಳುತ್ತಾಳೆ. ಕೇಳುವಷ್ಟು ಹೊತ್ತೂ ಬೇಡ, ಗೊತ್ತಾಗುತ್ತದೆ, ಕಾಗದದಲ್ಲೇ. ಏನೂ ಬರೆಯದಿದ್ದರೆ ಬೆಳಿಗ್ಗೆ ಹಿರಿಯರು ಹೊರಟುಹೋಗುತ್ತಾರೆ, ಅವಳೊಬ್ಬಳೇ ಈ ರಸ್ತೆಗೆ ಇಳಿಯುತ್ತಾಳೆ. ಮಾಯ್ ವೆಯ್ನಿಯ ಮೇಲೆಯೇ ಹಾದು ಹೋಗುತ್ತಾಳೆ.

ಅದಕ್ಕೆ ನೀನು ತಿಳಿದದ್ದು ನಿಜ ಎಂದು ಬರೆಯುತ್ತೇನೆ. ನಿಮ್ಮ ಹೆಸರು ಬರೆಯುವುದಿಲ್ಲ. ಅವಳು ಓದಿಕೊಳ್ಳುತ್ತಾಳೆ, ಓದಿಕೊಳ್ಳಲಿ. ಇವತ್ತೊಂದು ದಿನ ನೀವು ನಿಮ್ಮ ಹುಡುಗನ ಜಾಗದಲ್ಲಿ ಮಲಗಿರಿ. ಕೂಡಿ ಬಾಳಿದ ಗಂಡನ ವಿಷಯದಲ್ಲಿ ಯಾವ ಹೆಂಗಸೂ ಬರೆಯಬಾರದ್ದನ್ನು ಬರೆಯುತ್ತಿದ್ದೇನೆ. ಸತ್ತರೆಂದು ಸುಳ್ಳು ಸುದ್ದಿಯಾದವರ ಆಯುಸ್ಸು ಗಟ್ಟಿ ಎಂದು ನಿಮ್ಮ ತಾಯಿ ಹೇಳುತ್ತಿದ್ದರು. ಅದನ್ನೇ ನಂಬಿ ಹಿಡಿದುಕೊಂಡಿದ್ದೇನೆ. ಈ ಕಾಗದ ಮುಟ್ಟಿದ ದಿನ ಬಾಗಿಲು ತೆರೆದು ಹೊರಗೆ ಬಂದು ನಿಲ್ಲಿ, ನಾಲ್ಕು ಜನ ನಿಮ್ಮನ್ನು ನೋಡಲಿ.

ನನ್ನನ್ನು ಹಿಡಿಯಲು ಯಾರಿದ್ದಾರೆಂದು ಕೇಳಿದ್ದಿರಿ. ಅದಿಗ್ರಾತ್ ಬಿಡುವ ದಿನ ಆ ಕಾಗದ ಸಿಕ್ಕಿತು. ಉತ್ತರ ಬರೆಯಲಿಲ್ಲ. ಈಗ ನೋಡಿ, ನನ್ನನ್ನು ಹಿಡಿಯಲು ಅವಳು ಬಂದು ಕೂತಿದ್ದಾಳೆ.

ಅಬ್ರೆಹೆತ್

*

ಎಂತಿಚೊದ ಹೊರಗೆ, ಮೆಗಾಬಿತ್ 30, ಸಂಜೆ

ಮೆಧಿನ್,

ನಾನು ಹಗ್ಗದ ಈಚೆ ಇದ್ದೇನೆ. ನೀನಿರುವ ಊರಿನ ಹೊಗೆ ಕಾಣುತ್ತಿದೆ. ಹಗ್ಗ ಎತ್ತಿದ ಕೂಡಲೇ ಬರುತ್ತೇನೆ. ನೀನು ರಸ್ತೆಗೆ ಇಳಿಯಬೇಡ.

ನಮ್ಮ ಮನೆಯಲ್ಲಿ ಸಾವಾಗಿದೆಯೆಂದು ನೀನು ತಿಳಿದದ್ದು ನಿಜ. ಮುಚ್ಚಿಟ್ಟದ್ದೂ ನಿಜ. ಉಳಿದದ್ದನ್ನು ಬಾಯಿಂದ ಹೇಳುತ್ತೇನೆ.

ಹಿರಿಯರನ್ನು ಕಳಿಸಬೇಡ. ಪಾದ್ರಿ ಮೆರೆಸಾ ಅವರಿಗೆ ಅಬ್ರೆಹೆತ್ ಕೈಮುಗಿದು ಕೇಳಿಕೊಂಡಳೆಂದು ಹೇಳು. ನಾನು ಯಾರಿಗೂ ಹಾಗೆ ಕೇಳಿದವಳಲ್ಲವೆಂದು ಅವರಿಗೆ ಗೊತ್ತು. ಝೈದ್‌ಗೆ ನಿನ್ನ ಪಕ್ಕದಲ್ಲೇ ಮಲಗಲು ಹೇಳು.

ಕಡಲೆಹಿಟ್ಟಿನ ಶಿರೋ ಮಾಡಿ ಬಿಸಿಯಾಗಿ ಉಣ್ಣು. ನನಗಾಗಿ ಎತ್ತಿಡಬೇಡ, ನೀನೇ ಉಣ್ಣು. ಉಂಡು ಮಲಗು.

ಚಪ್ಪಲಿಯನ್ನು ಚೀಲದಿಂದ ಹೊರಗೆ ತೆಗೆಯಬೇಡ. ಶಾಲನ್ನು ತಿರುಗಿಸಬೇಡ. ಅಂಚು ಕೊರಳಲ್ಲೇ ಇರಲಿ. ನಾನೂ ಈಗ ನನ್ನದನ್ನು ಹಾಗೇ ಮಾಡಿಕೊಂಡೆ.

ಬೆಳಿಗ್ಗೆ ನಾನು ಬಾಗಿಲು ತಟ್ಟಿದಾಗ ನೀನು ಏಳಬೇಡ. ಹಿರಿಯರು ತೆರೆಯಲಿ.

ನಿನ್ನ ಅಕ್ಕ